ನೂರ ಎಂಬತ್ತಾರು ಹೆಸರು

ಕಾಲೇಜಿನ ಎದುರಿನ ರಸ್ತೆಯಲ್ಲಿ ಆ ವರ್ಷ ಎರಡನೆಯ ಸಲ ಲಾರಿ ಹರಿದು ಒಬ್ಬ ವಿದ್ಯಾರ್ಥಿಯ ಕಾಲು ಹೋದ ಮೇಲೆ, ಹಾಸ್ಟೆಲಿನ ಇಪ್ಪತ್ತು ಮಂದಿ ಹುಡುಗ ಹುಡುಗಿಯರು ಸೇರಿ ಶಾಸಕರ ಕಚೇರಿಗೆ ಹೋದರು. ಹಾಸ್ಟೆಲ್ ವಾರ್ಡನ್‌ನ ಮಗಳೂ ಜೊತೆಗಿದ್ದಳು. ರಸ್ತೆಗೆ ಒಂದು ಉಬ್ಬು, ಎರಡು ದೀಪ, ಇಷ್ಟೇ ಅವರು ಕೇಳಿದ್ದು. ಶಾಸಕರು ಒಳಗೇ ಇದ್ದರು, ಹೊರಗೆ ಬರಲಿಲ್ಲ. ಅವರ ಸಹಾಯಕ ಮನವಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ನಿಮ್ಮಲ್ಲಿ ಎಷ್ಟು ಜನರ ಓಟು ಇಲ್ಲಿದೆ?" ಎಂದು ಕೇಳಿದ. ಮೂರು ಕೈ ಮೇಲೆದ್ದವು. "ಮತ್ತೆ?" ಎಂದು ನಕ್ಕು, ಕಾಗದವನ್ನು ಟೀ ಲೋಟದ ಕೆಳಗಿಟ್ಟ.

ಮಗಳು ಮನೆಗೆ ಬಂದವಳೇ ಚಪ್ಪಲಿ ಬಿಡುವ ಮೊದಲೇ ಹೇಳಿದಳು: "ಅಪ್ಪ, ನಂಗೆ ಹಾಸ್ಟೆಲಿನ ಮೊಹರು ಬೇಕು. ನಿನ್ನ ಸಹಿಯೂ ಬೇಕು. ಎಷ್ಟು ಅಂತ ಈಗ್ಲೇ ಹೇಳಕ್ಕಾಗಲ್ಲ."

ಹುಡುಗರಿಗೊಂದು ಹುಡುಗಿಯರಿಗೊಂದು ಕಟ್ಟಡವಿದ್ದ ಹಾಸ್ಟೆಲಿನ ಹಿಂಭಾಗದಲ್ಲಿ, ಕಾಲೇಜು ಕೊಟ್ಟ ಮನೆ ಅವರದು. ಎರಡು ಕೋಣೆ, ಒಂದು ಅಡುಗೆಮನೆ, ನೆತ್ತಿಯ ಮೇಲೆ ನೀರಿನ ಟ್ಯಾಂಕು. ವಾರ್ಡನ್ ಹತ್ತೊಂಬತ್ತು ವರ್ಷದಿಂದ ಅಲ್ಲೇ ಇದ್ದ. ನಿವೃತ್ತಿಗೆ ಇನ್ನೆರಡು ವರ್ಷವಿತ್ತು. ಮುಂದಿನ ಕೋಣೆಯಲ್ಲಿ ಅವನ ಹೆಂಡತಿಯ ಹೊಲಿಗೆ ಯಂತ್ರ. ಹಾಸ್ಟೆಲಿನ ಹಾಸಿಗೆ ಬಟ್ಟೆ, ಪರದೆಗಳಿಗೆಲ್ಲ ಅಂಚು ಹೊಲಿದುಕೊಡುವುದು ಅವಳ ಕೆಲಸ. ಕಿಟಕಿಯ ಪಕ್ಕದ ಮಂಚ ತಾತನದು. ಮೂವತ್ತಾರು ವರ್ಷ ಅಂಚೆ ಹಂಚಿದವನು. ಈಗ ಕಣ್ಣಿಗೆ ಪೊರೆ ಬಂದು, ಗೋಡೆ ಸವರಿಕೊಂಡು ನಲ್ಲಿಯವರೆಗೆ ಹೋಗಿ ಬರುತ್ತಿದ್ದ.

"ಯಾತಕ್ಕೆ ಸಹಿ?" ಎಂದ ವಾರ್ಡನ್.

"ಹಾಸ್ಟೆಲಲ್ಲಿ ಇದ್ದೋರೆಲ್ಲ ಇಲ್ಲೇ ಓಟು ಮಾಡಬಹುದಂತೆ. ಇಲ್ಲಿ ವಾಸ ಇದ್ದಾರೆ ಅಂತ ವಾರ್ಡನ್ ಬರೆದುಕೊಟ್ರೆ ಸಾಕು. ನೋಂದಣಿ ಕಚೇರಿಲಿ ಕೇಳ್ಕೊಂಡೇ ಬಂದೆ. ಇನ್ನು ನಾಲ್ಕು ವಾರ ಟೈಮಿದೆ."

"ಕಾಲೇಜಿನ ಕಾರ್ಯದರ್ಶಿಗಳನ್ನ ಕೇಳ್ಬೇಕು."

"ಅವರನ್ನ ಯಾಕೆ ಕೇಳ್ಬೇಕು? ಇದ್ದಾರೆ ಅನ್ನೋದು ಸುಳ್ಳಾ?"

"ಸುಳ್ಳು ಅಂತ ಯಾರಂದ್ರು? ಕೇಳ್ಬೇಕು ಅಂದೆ."

ಹೆಂಡತಿ ಯಂತ್ರ ನಿಲ್ಲಿಸದೆ ಹೇಳಿದಳು: "ದಿನಾ ತರಕಾರಿ ಚೀಟಿಗೆ, ದೀಪ ಹೋದ ಚೀಟಿಗೆ ಸಹಿ ಹಾಕ್ತಾನೇ ಇರ್ತೀರಿ. ಮಕ್ಕಳಿಗೆ ಹಾಕಿದ್ರೆ ಕೈ ಸವೆದುಹೋಗುತ್ತಾ?"

"ನೀನು ಸುಮ್ನಿರು. ಶಾಸಕರು ಯಾರ ತಮ್ಮ ಅಂತ ಗೊತ್ತಾ ನಿಂಗೆ?"

ಎಲ್ಲರಿಗೂ ಗೊತ್ತಿತ್ತು. ಶಾಸಕರ ಅಣ್ಣ ಕಾಲೇಜಿನ ಆಡಳಿತ ಮಂಡಳಿಯ ಅಧ್ಯಕ್ಷರು. ಕಾರ್ಯದರ್ಶಿಗಳು ಅವರ ಕೈಕೆಳಗಿನವರು.

ಮರುದಿನದಿಂದ ಮಗಳು ಕಾಲೇಜಿನ ಮೆಟ್ಟಿಲ ಕೆಳಗೆ ಒಂದು ಮೇಜು ಹಾಕಿಕೊಂಡು ಕೂತಳು. ಅವಳ ಜೊತೆ ಕೂತದ್ದು ನರ್ಸಿಂಗ್ ಕೊನೆಯ ವರ್ಷದ ಹುಡುಗಿ. ಮೊಣಕಾಲಿನಷ್ಟೇ ಎತ್ತರ ಎಂದು ಎಲ್ಲರೂ ತಮಾಷೆ ಮಾಡುತ್ತಿದ್ದ ಅವಳಿಗೆ ಗುಬ್ಬಿ ಎಂದೇ ಹೆಸರು. ಮೊದಲ ದಿನ ಬಂದವರು ಹನ್ನೊಂದು ಮಂದಿ. ಒಬ್ಬ ತಂಪು ಕನ್ನಡಕ ಹಾಕಿಕೊಂಡ ಫೋಟೋ ತಂದಿದ್ದ. ಇನ್ನೊಬ್ಬ ವಿಳಾಸದ ಜಾಗದಲ್ಲಿ "ಕಿಟಕಿ ಪಕ್ಕದ ಮೂರನೇ ಮಂಚ" ಎಂದು ಬರೆದಿದ್ದ. ಮತ್ತೊಬ್ಬಳಿಗೆ ಅಮ್ಮ ಹೇಳುವ ಹುಟ್ಟಿದ ದಿನವೇ ಬೇರೆ, ಶಾಲೆಯಲ್ಲಿ ಬರೆಸಿದ ದಿನವೇ ಬೇರೆ.

"ಶಾಲೇದೇ ಬರಿ. ನೀನು ಹುಟ್ಟಿದಾಗ ಸರ್ಕಾರ ಅಲ್ಲಿರಲಿಲ್ಲ," ಎಂದಳು ಗುಬ್ಬಿ.

ಗುಬ್ಬಿಗೆ ತಂದೆತಾಯಿ ಇರಲಿಲ್ಲ. ಚಿಕ್ಕಮ್ಮನ ಮನೆಯಲ್ಲಿ ಬೆಳೆದವಳು. ರಸ್ತೆ ಅಗಲ ಮಾಡುವಾಗ ಅವರ ಬೀದಿಯನ್ನೇ ಕೆಡವಿದ್ದರು. ಹದಿನೆಂಟು ತುಂಬಿದ ಮೇಲೆ ಅವಳು ಅಲ್ಲಿಗೆ ಹೋಗಿ ಅರ್ಜಿ ಕೊಟ್ಟಾಗ, ಪಟ್ಟಿಯಲ್ಲಿ ಅಂಥ ಬೀದಿಯೇ ಇಲ್ಲ ಎಂದು ವಾಪಸು ಕಳಿಸಿದ್ದರು.

"ಇದ್ದ ಬೀದಿ ಹೋಯ್ತು ಅಂದ್ರೆ ನಾನೂ ಹೋದ ಹಾಗೇನಾ?" ಎಂದು ಅವಳು ನಗುತ್ತಲೇ ಕೇಳುತ್ತಿದ್ದಳು. ಮೂರು ವರ್ಷದಿಂದ ಅವಳಿಗಿದ್ದ ವಿಳಾಸ ಈ ಹಾಸ್ಟೆಲು ಮಾತ್ರ. ಮೇಜಿನ ಮೇಲಿನ ಕಟ್ಟಿನಲ್ಲಿ ಅವಳ ಅರ್ಜಿಯೇ ಮೊದಲನೆಯದು.

ಮೊದಲ ವಾರ ಮುಗಿಯುವಾಗ ಐವತ್ತು ಅರ್ಜಿಯಾಯಿತು. ಎರಡನೆಯ ವಾರ ಲಾರಿ ಅಪಘಾತದ ಹುಡುಗ ಊರುಗೋಲು ಹಿಡಿದುಕೊಂಡು ಬಂದು ಸಾಲಿನಲ್ಲಿ ನಿಂತ. ಆ ದಿನ ಒಂದೇ ದಿನ ನಲವತ್ತು ಜನ ಬಂದರು. ಆದರೆ ಎಲ್ಲದರಲ್ಲೂ ವಾರ್ಡನ್ ಬರೆಯಬೇಕಾದ ಜಾಗ ಖಾಲಿಯೇ ಇತ್ತು.

ಮನೆಯಲ್ಲಿ ಊಟಕ್ಕೆ ಕೂತರೆ ಅದೇ ಮಾತು.

"ಕೇಳಿದ್ಯಾ ಅಪ್ಪ ಕಾರ್ಯದರ್ಶಿಗಳನ್ನ?"

"ಅವರು ಊರಲ್ಲಿಲ್ಲ."

"ಬೆಳಿಗ್ಗೆ ಅವರ ಕಾರು ನೋಡಿದೆ."

"ಕಾರು ಇದ್ರೆ ಅವರು ಇದ್ದ ಹಾಗಾ? ಊಟ ಮಾಡು."

"ನಿಂಗೆ ಭಯ."

"ಹೌದು, ಭಯ! ಈ ಸೂರು ಯಾರದ್ದು ಅನ್ಕೊಂಡಿದ್ದೀಯ? ನಿಮ್ಮಪ್ಪನದ್ದಾ?" ಎಂದುಬಿಟ್ಟ ವಾರ್ಡನ್. ಆಡಿದ ಮೇಲೆ ತನ್ನ ಮಾತು ತನಗೇ ಕೇಳಿಸಿ ಮುಖ ಕೆಳಗೆ ಹಾಕಿದ. ಹೆಂಡತಿಗೆ ನಗು ತಡೆಯಲಾಗಲಿಲ್ಲ. ಮಗಳೂ ನಕ್ಕಳು. ಕೊನೆಗೆ ಅವನೂ ನಕ್ಕ.

ತಾತ ಮಾತ್ರ ನಗಲಿಲ್ಲ. ತಟ್ಟೆಯ ಅನ್ನವನ್ನು ಬೆರಳಿನಿಂದ ಒಂದು ಕಡೆ ಸೇರಿಸುತ್ತ ಹೇಳಿದ: "ಒಂದು ಸಲ ಹುಚ್ಚುನಾಯಿ ಇರೋ ಮನೆಗೆ ಕಾಗದ ಬಂತು. ನಾನು ಹೊರಗೆ ನಿಂತು ಕೂಗಿದೆ, ಯಾರೂ ಬರ್ಲಿಲ್ಲ. ಒಳಗೆ ಹೋದೆ, ಕಚ್ಚಿಸ್ಕೊಂಡೆ. ಕಾಗದ ಏನು ಗೊತ್ತಾ? ಮದುವೆ ಕರೆಯೋಲೆ. ಮದುವೆ ಹಿಂದಿನ ದಿನಾನೇ ಮುಗಿದಿತ್ತು."

"ಅಂದ್ರೆ ಏನ್ ಹೇಳ್ತಿದ್ದೀಯ ಅಪ್ಪ?" ಎಂದ ವಾರ್ಡನ್.

"ಏನಿಲ್ಲ. ಸೂಜಿ ಹದಿನಾಲ್ಕು ಚುಚ್ಚಿಸ್ಕೊಂಡೆ ಅಂತ ಹೇಳ್ದೆ."

ಮೂರನೆಯ ವಾರದ ಭಾನುವಾರ, ಮಧ್ಯಾಹ್ನದ ಊಟವಾದ ಮೇಲೆ, ವಾರ್ಡನ್ ತಾನಾಗಿಯೇ ಬೀರುವಿನಿಂದ ಮೊಹರು ತಂದು ಮೇಜಿನ ಮೇಲಿಟ್ಟ. "ಎಲ್ಲಿ, ತಗೊಂಡು ಬಾ," ಎಂದ. ಮಗಳು ಗುಬ್ಬಿಯನ್ನೂ ಕೂಗಿ ಕರೆದಳು. ಹೊಲಿಗೆ ಬಟ್ಟೆಗಳನ್ನೆಲ್ಲ ಮಂಚಕ್ಕೆ ಸರಿಸಿ ಐದೂ ಜನ ಕೂತರು. ವಾರ್ಡನ್ ಪ್ರತಿಯೊಂದನ್ನೂ ಓದಿ, ಕೊಠಡಿಯ ನಂಬರು ಸರಿಯಿದೆಯೇ ನೋಡಿ, ಸಹಿ ಹಾಕಿದ. ಮಗಳು ಮೊಹರು ಒತ್ತಿದಳು. ಅಮ್ಮ ಕಿತ್ತುಬಂದ ಫೋಟೋಗಳಿಗೆ ಅಂಟು ಹಚ್ಚಿದಳು. ಗುಬ್ಬಿ ಹೆಸರು ಓದುತ್ತ ಹೋದಂತೆ ತಾತ ಕಣ್ಣಿಲ್ಲದಿದ್ದರೂ ಕೈಯಳತೆಯಲ್ಲೇ ಹತ್ತು ಹತ್ತರ ಕಟ್ಟು ಮಾಡಿದ.

"ಇವನಾ? ಮೂರು ಸಲ ಗೋಡೆ ಹಾರಿದ್ದಾನೆ," ಎನ್ನುತ್ತಿದ್ದ ವಾರ್ಡನ್.

"ಗೋಡೆ ಹಾರಿದ್ರೆ ಓಟಿಲ್ವಾ ಸರ್?" ಎಂದಳು ಗುಬ್ಬಿ.

"ಇದೆ ಇದೆ. ಹಾರಿದೋನು ಒಳಗೇ ಬಂದಿದ್ದಾನಲ್ಲ. ಇಲ್ಲಿ ವಾಸ ಇದ್ದಾನೆ ಅನ್ನೋದಕ್ಕೆ ಅದಕ್ಕಿಂತ ಸಾಕ್ಷಿ ಬೇಕಾ?"

ಅಷ್ಟೊಂದು ನಕ್ಕದ್ದು ಆ ಮನೆಯಲ್ಲಿ ಬಹಳ ದಿನವಾಗಿತ್ತು. ಅಮ್ಮ ಆಲೂಗಡ್ಡೆ ಹುರಿದು ಉಪ್ಪು ಖಾರ ಉದುರಿಸಿ ತಂದಿಟ್ಟಳು. ಅರ್ಜಿಗೆ ಎಣ್ಣೆ ತಾಗೀತು ಎಂದು ಗುಬ್ಬಿಯ ಬಾಯಿಗೆ ಅವಳೇ ತಿನ್ನಿಸಿದಳು. ಸಂಜೆ ಎದ್ದು ಹೋಗುವಾಗ ಗುಬ್ಬಿ ತನ್ನ ಅರ್ಜಿಯನ್ನು ಕಟ್ಟಿನಿಂದ ಎಳೆದು ಮತ್ತೊಮ್ಮೆ ನೋಡಿದಳು. "ಸರ್ ಸಹಿ ಎಷ್ಟು ದುಂಡಗಿದೆ," ಎಂದಳು.

ನೋಂದಣಿ ಕಚೇರಿಯವರು ಒಂದು ಮಾತು ಹೇಳಿದ್ದರು. ಇಷ್ಟು ಅರ್ಜಿಯನ್ನು ಒಟ್ಟಿಗೆ ಕೊಡುವುದಾದರೆ ಹಾಸ್ಟೆಲಿನ ಜವಾಬ್ದಾರಿ ಇರುವವರೇ ತರಬೇಕು. ಕೊನೆಯ ದಿನ ಶುಕ್ರವಾರ, ಸಂಜೆ ಐದರ ಒಳಗೆ. ಗುರುವಾರದವರೆಗೂ ಅರ್ಜಿ ಬರುತ್ತಲೇ ಇದ್ದವು, ವಾರ್ಡನ್ ಸಹಿ ಹಾಕುತ್ತಲೇ ಇದ್ದ. ಒಟ್ಟು ನೂರ ಎಂಬತ್ತಾರಾಯಿತು. ಶುಕ್ರವಾರ ಮಗಳಿಗೆ ಪ್ರಯೋಗಾಲಯದ ಪರೀಕ್ಷೆ.

"ನೀನು ಪರೀಕ್ಷೆಗೆ ಹೋಗು. ನಾನು ಕೊಟ್ಟು ಬರ್ತೀನಿ," ಎಂದ ವಾರ್ಡನ್. ಅಮ್ಮ ದಪ್ಪ ಪರದೆ ಬಟ್ಟೆಯಲ್ಲಿ ಒಂದು ಚೀಲ ಹೊಲಿದು, ಕಟ್ಟುಗಳನ್ನು ಅದರೊಳಗಿಟ್ಟು, ಬಾಯಿಗೆ ನೂಲು ಹಾಕಿದಳು.

ಶುಕ್ರವಾರ ಎರಡು ಗಂಟೆಗೆ ವಾರ್ಡನ್ ಚೀಲ ಹಿಡಿದು ಹೊರಟ. ಗೇಟಿನ ಹತ್ತಿರ ಕಾವಲುಗಾರ, "ಸರ್, ಕಾರ್ಯದರ್ಶಿಗಳು ಕರೀತಿದ್ದಾರೆ," ಎಂದ.

ಕಾರ್ಯದರ್ಶಿ ಮರ್ಯಾದಸ್ಥ ಮನುಷ್ಯ. ಎದ್ದು ಕುರ್ಚಿ ತೋರಿಸಿದರು, ಟೀ ತರಿಸಿದರು. ತಾತನ ಕಣ್ಣು ಹೇಗಿದೆ ಎಂದು ಕೇಳಿದರು.

"ಮನೆ ಸೋರುತ್ತಂತೆ? ಹೇಳ್ಬಾರ್ದಾ ವಾರ್ಡನ್ರೇ? ಹತ್ತೊಂಬತ್ತು ವರ್ಷದಿಂದ ಇದ್ದೀರಿ, ನಿಮ್ಮ ಮನೆ ಅಲ್ವಾ ಅದು? ಮುಂದಿನ ತಿಂಗಳು ಕ್ವಾರ್ಟರ್ಸ್ ಪಟ್ಟಿ ಹೊಸದಾಗಿ ಮಾಡ್ತಿದ್ದೀವಿ. ನಿಮ್ಮದನ್ನ ನಾನೇ ನೋಡ್ಕೋತೀನಿ."

"ಆಯ್ತು ಸರ್."

"ಅದೇನು ಚೀಲ?"

ವಾರ್ಡನ್ ಹೇಳಿದ.

"ಒಳ್ಳೇದಾಯ್ತು. ನಮ್ಮ ಆಫೀಸಿಂದಲೇ ಕಳಿಸೋಣ. ನೀವ್ಯಾಕೆ ಬಿಸಿಲಲ್ಲಿ ಹೋಗ್ತೀರಿ? ಇಲ್ಲಿಟ್ಟು ಹೋಗಿ."

"ಇವತ್ತೇ ಕೊನೆ ಸರ್. ಐದು ಗಂಟೆಗೆ."

"ಗೊತ್ತು," ಎಂದರು ಕಾರ್ಯದರ್ಶಿ. ಮುಗುಳ್ನಗುತ್ತಲೇ ಇದ್ದರು. ವಾರ್ಡನ್ ಟೀ ಕುಡಿದು ಮುಗಿಸಿದ. ಲೋಟ ಕೆಳಗಿಟ್ಟ. ಆಮೇಲೆ ಚೀಲವನ್ನು ಮೇಜಿನ ಮೇಲಿಟ್ಟ.

ಅಲ್ಲಿಂದ ಅವನು ಮನೆಗೆ ಹೋಗಲಿಲ್ಲ. ಬಸ್ಸು ಹತ್ತಿ, ಬರಿಗೈಯಲ್ಲಿ ನೋಂದಣಿ ಕಚೇರಿಗೆ ಹೋಗಿ, ಎದುರಿನ ಕಟ್ಟೆಯ ಮೇಲೆ ಕೂತ. ಕಾರ್ಯದರ್ಶಿಯ ಆಫೀಸಿನಿಂದ ಯಾರಾದರೂ ಬರಬಹುದು ಎಂದು ದಾರಿ ನೋಡಿದ. ಯಾರ್ಯಾರೋ ಬಂದರು, ಹೋದರು. ಐದು ಗಂಟೆಗೆ ನಡುವಯಸ್ಸು ದಾಟಿದ ಒಬ್ಬ ಗುಮಾಸ್ತೆ ಕಿಟಕಿ ಮುಚ್ಚಿದಳು. ಅವನು ಎದ್ದು ಬಟ್ಟೆಯ ಧೂಳು ಕೊಡವಿಕೊಂಡ.

ಮಗಳು ಬಾಗಿಲಲ್ಲೇ ನಿಂತಿದ್ದಳು. "ಅಪ್ಪ?"

"ಕೊಟ್ಟು ಬಂದೆ."

"ರಶೀದಿ?"

"ಜನ ಜಾಸ್ತಿ ಇದ್ರು. ಆಮೇಲೆ ಕಳಿಸ್ತಾರಂತೆ."

ಮಗಳು ಅವನ ಎರಡೂ ಕೈ ಹಿಡಿದು ಕುಣಿದಳು. ಅವನು ಮುಖ ತೊಳೆಯಬೇಕೆಂದು ಒಳಗೆ ಹೋದ. ಆ ದಿನ ತಲೆನೋವು ಎಂದು ಊಟ ಮಾಡಲಿಲ್ಲ.

ಆಮೇಲಿನ ಮೂರು ವಾರ ವಾರ್ಡನ್ ಮನೆಯಲ್ಲಿ ಎಂದೂ ಮಾಡದ ಕೆಲಸವನ್ನೆಲ್ಲ ಮಾಡಿದ. ಟ್ಯಾಂಕಿಗೆ ಇಳಿದು ತೊಳೆದ. ಹೆಂಡತಿಯ ಯಂತ್ರಕ್ಕೆ ಎಣ್ಣೆ ಬಿಟ್ಟ. ಪಾತ್ರೆ ಉಜ್ಜಲು ಕೂತಾಗ ಹೆಂಡತಿ, "ಏನ್ರೀ, ಸೂರ್ಯ ಇವತ್ತು ಯಾವ ಕಡೆ ಹುಟ್ಟಿದ?" ಎಂದಳು. ಮೊದಲೆಲ್ಲ ಅವನನ್ನು ಕಂಡರೆ ಕಂಬದ ಹಿಂದೆ ಸರಿಯುತ್ತಿದ್ದ ಹುಡುಗರು ಈಗ ಎದುರು ಬಂದು ನಮಸ್ಕಾರ ಹೇಳುತ್ತಿದ್ದರು. ಗೋಡೆ ಹಾರುತ್ತಿದ್ದವನು ಒಂದು ದಿನ ಅವನ ಕೈಯಿಂದ ತರಕಾರಿ ಚೀಲ ಕಿತ್ತುಕೊಂಡು ಮನೆಯವರೆಗೂ ಹೊತ್ತು ತಂದ. ಮಾಳಿಗೆಯ ಸೋರಿಕೆಗೆ ಗಾರೆಯವರು ಬಂದು ತೇಪೆ ಹಾಕಿ ಹೋದರು.

ತಾತ ಎರಡು ಸಲ ಕೇಳಿದ: "ರಶೀದಿ ಬಂತೇನೋ?"

"ಬರುತ್ತಪ್ಪ."

"ಲೆಕ್ಕಕ್ಕೆ ತಗೊಂಡ ಕಾಗದಕ್ಕೆ ರಶೀದಿ ಆಮೇಲೆ ಕೊಡೋ ಕಚೇರಿ ನಾನು ಎಲ್ಲೂ ಕಂಡಿಲ್ಲ."

"ನಿನ್ನ ಕಾಲ ಬೇರೆ," ಎಂದು ವಾರ್ಡನ್ ರೇಗಿದ. ತಾತ ಆ ಧ್ವನಿಯ ಕಡೆಗೆ ಮುಖ ತಿರುಗಿಸಿದ.

ಮತದಾರರ ಪಟ್ಟಿ ಹೊರಗೆ ಬಂದಾಗ ಚುನಾವಣೆಗೆ ಇಪ್ಪತ್ತೆರಡು ದಿನ ಉಳಿದಿತ್ತು. ಮಗಳು, ಗುಬ್ಬಿ, ಇನ್ನೂ ಹತ್ತು ಜನ ಕಚೇರಿಯ ಗೋಡೆಯ ಮುಂದೆ ನಿಂತು ಬೆರಳಿಟ್ಟು ಹುಡುಕಿದರು. ವಾರ್ಡನ್ ಇದ್ದ. ಹೆಂಡತಿ ಇದ್ದಳು. ತಾತ ಇದ್ದ. ಮಗಳೂ ಇದ್ದಳು. ಹಾಸ್ಟೆಲಿನ ಒಂದು ಹೆಸರೂ ಇರಲಿಲ್ಲ. ಗುಬ್ಬಿ ಮೂರು ಸಲ ಮೊದಲಿನಿಂದ ಓದಿದಳು.

ಕಿಟಕಿಯಲ್ಲಿದ್ದವಳು ಅದೇ ಗುಮಾಸ್ತೆ. "ಆ ಹಾಸ್ಟೆಲಿಂದ ನಮಗೆ ಏನೂ ಬಂದಿಲ್ಲಮ್ಮ," ಎಂದಳು.

"ನಮ್ಮಪ್ಪನೇ ತಂದುಕೊಟ್ಟಿದ್ದಾರೆ. ಶುಕ್ರವಾರ."

"ಶುಕ್ರವಾರ ನಾನೇ ಇದ್ದೆ. ಬಂದಿದ್ರೆ ನನ್ನ ಪುಸ್ತಕದಲ್ಲಿ ಇರ್ಬೇಕಿತ್ತಲ್ಲ."

"ಕಳೆದುಹಾಕಿ ಪುಸ್ತಕ ತೋರಿಸ್ತೀರಾ? ನೂರ ಎಂಬತ್ತಾರು ಜನ ರೀ! ಯಾರು ಹೇಳಿದ್ರು ನಿಮಗೆ ಕಳೆದುಹಾಕಿ ಅಂತ?"

"ಬಾಯಿಗೆ ಬಂದ ಹಾಗೆ ಮಾತಾಡ್ಬೇಡ. ಗಡುವು ಮುಗಿದಿದೆ. ಇನ್ನೇನಿದ್ರೂ ಚುನಾವಣೆ ಆದ ಮೇಲೆ," ಎಂದು ಗುಮಾಸ್ತೆ ಪುಸ್ತಕ ಮುಚ್ಚಿದಳು.

ಮಗಳು ಅಲ್ಲೇ ಮೆಟ್ಟಿಲ ಮೇಲೆ ಕೂತು ದೂರು ಬರೆದಳು. ಅರ್ಜಿ ಸ್ವೀಕರಿಸಿದ ಗುಮಾಸ್ತೆ ಬೇಕೆಂದೇ ಅವುಗಳನ್ನು ಮರೆಮಾಚಿದ್ದಾರೆ ಎಂದು ಬರೆದು ನೂರು ಜನರ ಸಹಿ ಹಾಕಿಸಿ ಮೇಲಧಿಕಾರಿಗೆ ಕೊಟ್ಟಳು. ಮನೆಗೆ ಬಂದು ಅದರ ನಕಲನ್ನು ಊಟದ ಹೊತ್ತಿಗೆ ಗಟ್ಟಿಯಾಗಿ ಓದಿದಳು. ವಾರ್ಡನ್ ತಟ್ಟೆ ನೋಡುತ್ತ ಕೇಳಿದ.

"ಆ ಹೆಂಗಸಿನ ಹೆಸರು ಯಾಕೆ ಹಾಕ್ದೆ?" ಎಂದ.

"ಮತ್ತೆ ಯಾರದ್ದು ಹಾಕ್ಲಿ? ನೀನು ಕೊಟ್ಟಿದ್ದು ಅವಳ ಕೈಗೆ ತಾನೆ?"

ಅವನು ನೀರು ಕುಡಿದ. "ಜನ ಇದ್ರು. ನೆನಪಿಲ್ಲ."

ಐದು ದಿನವಾದ ಮೇಲೆ, ಬೆಳಿಗ್ಗೆ ಹತ್ತು ಗಂಟೆಯ ಸುಮಾರಿಗೆ, ಆ ಗುಮಾಸ್ತೆ ಮನೆ ಹುಡುಕಿಕೊಂಡು ಬಂದಳು. ಬಾಗಿಲು ತೆರೆದ ಮಗಳು ದಾರಿ ಬಿಡದೆ ನಿಂತಳು. "ಏನು ಬೇಕಿತ್ತು?" ಎಂದಳು.

"ನಿನ್ನ ಹತ್ರ ಅಲ್ಲಮ್ಮ. ನಿಮ್ಮ ತಂದೆ ಹತ್ರ ಒಂದು ಮಾತು."

ಅಮ್ಮ ಮಗಳನ್ನು ಪಕ್ಕಕ್ಕೆ ಸರಿಸಿ, ಬಂದವಳನ್ನು ಕೂರಿಸಿದಳು, ನೀರು ಕೊಟ್ಟಳು. ಗುಮಾಸ್ತೆ ಕುಡಿಯಲಿಲ್ಲ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಳು. ವಾರ್ಡನ್ ಅಂಗಿ ಹಾಕಿಕೊಳ್ಳುತ್ತ ಒಳಗಿನಿಂದ ಬಂದವನು ಅವಳನ್ನು ನೋಡಿ ಹೊಸ್ತಿಲಲ್ಲೇ ನಿಂತ.

"ನನಗೆ ನೋಟಿಸು ಕೊಟ್ಟಿದ್ದಾರೆ ಸರ್. ನಾಳೆ ಉತ್ತರ ಬರೀಬೇಕು. ಇಲ್ದಿದ್ರೆ ಮನೆಗೆ ಕಳಿಸ್ತಾರೆ. ಇಪ್ಪತ್ತೆಂಟು ವರ್ಷ ಆಯ್ತು ಕೆಲಸಕ್ಕೆ ಸೇರಿ, ಒಂದು ಕಾಗದ ಕಳೆದಿಲ್ಲ. ಆದ್ರೂ ಐದು ದಿನದಿಂದ ಕಪಾಟೆಲ್ಲ ಹುಡುಕಿದೆ. ನನಗೇ ನನ್ನ ಮೇಲೆ ಅನುಮಾನ ಬಂದಿದೆ. ವಯಸ್ಸಾಯ್ತಲ್ಲ, ಎಲ್ಲಾದರೂ ಇಟ್ಟು ಮರೆತೆನಾ ಅಂತ. ಅದಕ್ಕೇ ಬಂದೆ. ನನ್ನ ಮುಖ ನೋಡಿ ಹೇಳಿಬಿಡಿ. ನೀವು ನನ್ನ ಕೈಗೆ ಕೊಟ್ರಾ?"

ಯಂತ್ರದ ಮೇಲಿದ್ದ ಬಟ್ಟೆ ಜಾರಿ ನೆಲಕ್ಕೆ ಬಿತ್ತು. ಯಾರೂ ಎತ್ತಲಿಲ್ಲ.

"ಹೇಳೋ," ಎಂದ ತಾತ ಮಂಚದಿಂದ. "ಕೇಳ್ತಿದ್ದಾರಲ್ಲ."

"ಇಲ್ಲಮ್ಮ," ಎಂದ ವಾರ್ಡನ್. "ನಿಮಗೆ ಕೊಟ್ಟಿಲ್ಲ. ನೀವು ಏನೂ ಕಳೆದಿಲ್ಲ."

ಗುಮಾಸ್ತೆ ಕಣ್ಣು ಮುಚ್ಚಿ ಉಸಿರು ಬಿಟ್ಟಳು. ಮಗಳು ಕೇಳಿದಳು: "ಮತ್ತೆ ಯಾರಿಗೆ ಕೊಟ್ಟೆ?"

ಅವನು ಹೇಳಿದ. ಟೀ ಕೊಟ್ಟದ್ದು, ಕ್ವಾರ್ಟರ್ಸ್ ಮಾತು, ಚೀಲ ಮೇಜಿನ ಮೇಲಿಟ್ಟದ್ದು, ಐದರವರೆಗೆ ಕಟ್ಟೆಯ ಮೇಲೆ ಕೂತದ್ದು, ಎಲ್ಲವನ್ನೂ ನಿಂತ ಜಾಗದಲ್ಲೇ ಹೇಳಿದ. ಅವನು ಮುಗಿಸಿದ ಮೇಲೆ ಮಗಳು ಗುಮಾಸ್ತೆಯ ಮುಂದೆ ನೆಲದ ಮೇಲೆ ಕೂತು, ಅವಳ ಕಾಲು ಮುಟ್ಟಲು ಹೋದಳು. ಗುಮಾಸ್ತೆ ಅವಳ ಕೈ ಹಿಡಿದುಕೊಂಡಳು. "ನೀನೇನು ಮಾಡ್ತೀಯ ಮಗು, ನಿಂಗೇನು ಗೊತ್ತಿತ್ತು," ಎಂದಳು. ಇಬ್ಬರೂ ಅತ್ತರು.

"ಎರಡು ವರ್ಷಕ್ಕೋಸ್ಕರ," ಎಂದ ವಾರ್ಡನ್. "ಎಲ್ಲಿಗೆ ಕರ್ಕೊಂಡು ಹೋಗ್ಲಿ ನಿಮ್ಮನ್ನೆಲ್ಲ? ಅಪ್ಪನಿಗೆ ಕಣ್ಣು ಕಾಣಲ್ಲ. ಇಲ್ಲಿ ಗೋಡೆ ಹಿಡ್ಕೊಂಡಾದ್ರೂ ಓಡಾಡ್ತಾನೆ."

"ನನ್ನ ಹೆಸರು ಹೇಳ್ಬೇಡ," ಎಂದ ತಾತ. "ನನ್ನನ್ನ ಇದಕ್ಕೆ ಸೇರಿಸ್ಬೇಡ."

ಆ ಮಧ್ಯಾಹ್ನವೇ ವಾರ್ಡನ್ ಗುಮಾಸ್ತೆಯ ಜೊತೆ ಹೋಗಿ ಮೇಲಧಿಕಾರಿಯ ಮುಂದೆ ನಡೆದದ್ದನ್ನೆಲ್ಲ ಬರೆದುಕೊಟ್ಟ. ಗುಮಾಸ್ತೆಯ ನೋಟಿಸು ರದ್ದಾಯಿತು. ಹೆಸರು ಸೇರಿಸಲು ಇನ್ನು ದಾರಿಯಿಲ್ಲ ಎಂದು ಅಧಿಕಾರಿ ಎರಡು ಸಲ ಹೇಳಿದರು. ಅಲ್ಲಿಂದ ಅವನು ಕಾರ್ಯದರ್ಶಿಯ ಕೋಣೆಗೆ ಹೋದ. ಅಂಥ ಚೀಲವನ್ನು ತಾವು ಕಂಡೇ ಇಲ್ಲ ಎಂದರು ಕಾರ್ಯದರ್ಶಿ. ಅವನು ಕಪಾಟಿನ ಪಕ್ಕ ಬಿದ್ದಿದ್ದ ಚೀಲವನ್ನು ತಾನೇ ಎತ್ತಿಕೊಂಡು ಬಂದ. ಹೆಂಡತಿ ಹಾಕಿದ ನೂಲು ಹಾಗೇ ಇತ್ತು. ಸಂಜೆಯೊಳಗೆ ಕೆಲಸದಿಂದ ತೆಗೆದ ಕಾಗದ ಬಂತು. ಎಂಟು ದಿನದಲ್ಲಿ ಮನೆ ಖಾಲಿ ಮಾಡಬೇಕು.

ಮಗಳು ಮರುದಿನ ಮೆಟ್ಟಿಲ ಕೆಳಗಿನ ಅದೇ ಮೇಜಿನ ಹತ್ತಿರ ಕೂತು ಅರ್ಜಿಗಳನ್ನು ಹಿಂದಕ್ಕೆ ಕೊಟ್ಟಳು. ಪ್ರತಿಯೊಬ್ಬರಿಗೂ, "ನಮ್ಮಪ್ಪ ಕೊಡಲಿಲ್ಲ," ಎಂದು ತಾನೇ ಹೇಳಿದಳು. ಕೆಲವರು ಏನೂ ಅನ್ನದೆ ತೆಗೆದುಕೊಂಡರು. ಒಬ್ಬ, "ಫೋಟೋ ಕೀಳಬಹುದಾ? ಬೇರೆ ಕಡೆ ಬೇಕಾಗುತ್ತೆ," ಎಂದ. ಗೋಡೆ ಹಾರುತ್ತಿದ್ದವನು ಅವಳ ಮುಂದೆಯೇ ಹರಿದು, ಚೂರುಗಳನ್ನು ಜೇಬಿಗೆ ಹಾಕಿಕೊಂಡು ಹೋದ. ಊರುಗೋಲಿನ ಹುಡುಗ ಬರಲೇ ಇಲ್ಲ. ಅವಳೇ ಅವನ ಕೊಠಡಿಯವರೆಗೆ ಹೋದಳು. ಬಾಗಿಲು ತೆಗೆಯದೆ, "ಕೆಳಗಿಂದ ತೂರಿಸು," ಎಂದ.

ಗುಬ್ಬಿ ಕೊನೆಯಲ್ಲಿ ಬಂದಳು. ಅರ್ಜಿಯನ್ನು ಮಡಿಸಿ ಪುಸ್ತಕದೊಳಗಿಟ್ಟಳು.

"ಬೈಯಿ ಗುಬ್ಬಿ. ಏನಾದ್ರೂ ಬೈಯಿ."

"ಯಾರಿಗೆ ಬೈಲಿ? ನಿಮ್ಮಮ್ಮ ಬಾಯಿಗೆ ತಿನ್ನಿಸಿದ್ರು ಅವತ್ತು," ಎಂದಳು ಗುಬ್ಬಿ. "ಎರಡು ತಿಂಗಳಲ್ಲಿ ನನ್ನ ಕೋರ್ಸು ಮುಗಿಯುತ್ತೆ. ಹೋದ ಕಡೆ ಮತ್ತೆ ಮೊದಲಿಂದ." ಹೊರಟವಳು ತಿರುಗಿದಳು. "ನಿಮ್ಮಪ್ಪ ಪ್ರತಿಯೊಂದನ್ನೂ ಓದಿ ಸಹಿ ಹಾಕಿದ್ರು ಕಣೇ. ಓದದೆ ಹಾಕಿದ್ದಿದ್ರೆ ಚೆನ್ನಾಗಿತ್ತು."

ಅವಳು ಆಮೇಲೆ ಆ ಮನೆಗೆ ಬರಲಿಲ್ಲ.

ಊರಿನ ಇನ್ನೊಂದು ತುದಿಯಲ್ಲಿ, ಪೈಪು ಮಾರುವ ಅಂಗಡಿಯ ಮಾಳಿಗೆಯ ಮೇಲೆ ಒಂದೂವರೆ ಕೋಣೆ ಸಿಕ್ಕಿತು. ವಾರ್ಡನ್ ಅದೇ ಅಂಗಡಿಯಲ್ಲಿ ಸಾಮಾನು ಎಣಿಸಿಕೊಡುವ ಕೆಲಸಕ್ಕೆ ನಿಂತ. ಹೆಂಡತಿಗೆ ಹಾಸ್ಟೆಲಿನ ಹೊಲಿಗೆ ಹೋಗಿ, ಅಕ್ಕಪಕ್ಕದವರ ಹರಿದ ಬಟ್ಟೆ ಬಂತು. ತಾತ ಮೊದಲ ವಾರ ಮೂರು ಸಲ ಬಾಗಿಲ ಚೌಕಟ್ಟಿಗೆ ಹಣೆ ಬಡಿಸಿಕೊಂಡ. ಯಾರು ಓಡಿಬಂದರೂ, "ಏನೂ ಆಗಿಲ್ಲ," ಎನ್ನುತ್ತಿದ್ದ.

ಮತದಾನದ ದಿನ ನಾಲ್ಕೂ ಜನ ಹೋದರು. ಹೋಗುವ ಮುಂಚೆ ವಾರ್ಡನ್, "ನಾನು ಬರಲ್ಲ. ಯಾವ ಮುಖ ಇಟ್ಕೊಂಡು ಬರ್ಲಿ?" ಎಂದಿದ್ದ.

"ಇನ್ನೂ ಒಂದು ಓಟು ಕಳೀಬೇಕು ಅಂತಾನಾ?" ಎಂದಳು ಹೆಂಡತಿ. "ಅಂಗಿ ಹಾಕ್ಕೊಳ್ಳಿ."

ದಾರಿಯಲ್ಲಿ ಮಗಳು ತಾತನ ಕೈ ಹಿಡಿದು ಮುಂದೆ ನಡೆದಳು. ಕಾಲೇಜಿನ ಮುಂದೆ ಹಾದುಹೋಗುವಾಗ ಹಾಸ್ಟೆಲಿನ ಮೇಲಿನ ಸಾಲಿನಲ್ಲಿ ಹುಡುಗರು ಬಟ್ಟೆ ಒಣಗಲು ಹಾಕುತ್ತಿದ್ದರು. ರಜೆಯಲ್ಲವೇ ಅವರಿಗೆ. ಒಬ್ಬನೂ ಕೆಳಗೆ ನೋಡಲಿಲ್ಲ.

ಮಗಳು ಅಪ್ಪನ ಜೊತೆ ಮಾತು ಬಿಟ್ಟಿರಲಿಲ್ಲ. ನೀರು ಬಂತು, ಬೀಗ ಎಲ್ಲಿ, ತಾತನ ಮಾತ್ರೆ ಮುಗಿದಿದೆ, ಇಷ್ಟು ಮಾತಿತ್ತು. ವಾರ ಕಳೆದಂತೆ ಅದು ಸ್ವಲ್ಪ ಸಡಿಲವಾಯಿತು. ಒಂದು ದಿನ ಅವನ ಬೆರಳಿಗೆ ಪೈಪಿನ ಅಂಚು ಕೊಯ್ದಾಗ ಅವಳೇ ಬಟ್ಟೆ ಹರಿದು ಕಟ್ಟಿದಳು. ಕಟ್ಟಿ ಮುಗಿದ ಮೇಲೂ ಒಂದು ಕ್ಷಣ ಕೈ ಬಿಡಲಿಲ್ಲ. ಹೆಂಡತಿ ಅದನ್ನು ನೋಡಿ ಅಡುಗೆಮನೆಗೆ ಹೋಗಿ ಒಬ್ಬಳೇ ಕಣ್ಣೊರೆಸಿಕೊಂಡಳು. ಇನ್ನು ಸರಿಹೋಗುತ್ತೆ ಎಂದುಕೊಂಡಳು.

ಫಲಿತಾಂಶ ಬಂದದ್ದು ಒಂದು ಮಧ್ಯಾಹ್ನ. ಅಂಗಡಿಗೆ ಅರ್ಧ ದಿನ ರಜೆಯಿತ್ತು. ನಾಲ್ಕೂ ಜನ ನೆಲದ ಮೇಲೆ ಊಟಕ್ಕೆ ಕೂತಿದ್ದರು. ತಾತನ ಪಕ್ಕದಲ್ಲಿದ್ದ ರೇಡಿಯೋ ಒಂದೊಂದೇ ಕ್ಷೇತ್ರದ ಹೆಸರು ಓದುತ್ತಿತ್ತು. ಮಗಳು ಅಪ್ಪನಿಗೆ ಅನ್ನ ಬಡಿಸಿ, ಅವನಿಗೆ ಇಷ್ಟವೆಂದು ಮೊಟ್ಟೆಯ ದೊಡ್ಡ ಅರ್ಧವನ್ನು ಅವನ ತಟ್ಟೆಗೆ ಹಾಕಿದಳು. ಅಷ್ಟರಲ್ಲಿ ಅವರ ಕ್ಷೇತ್ರ ಬಂತು. ಶಾಸಕರೇ ಮತ್ತೆ ಗೆದ್ದಿದ್ದರು, ಎರಡು ಸಾವಿರದ ನಾನೂರು ಓಟಿನಿಂದ.

ವಾರ್ಡನ್ ಕೈಯಲ್ಲಿದ್ದ ತುತ್ತನ್ನು ಹಾಗೇ ಹಿಡಿದುಕೊಂಡ. ಅವನ ಮುಖ ಬಹಳ ದಿನದ ಮೇಲೆ ಬೆಳಗಿತು. ಎದೆಯ ಮೇಲಿನ ಕಲ್ಲನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟಂತೆ ಮಗಳ ಕಡೆ ತಿರುಗಿದ.

"ಕೇಳಿದ್ಯಾ? ಎರಡು ಸಾವಿರದ ನಾನೂರು. ನಿಮ್ಮ ನೂರ ಎಂಬತ್ತಾರೂ ಬಿದ್ದಿದ್ರೂ ಏನೂ ವ್ಯತ್ಯಾಸ ಆಗ್ತಿರ್ಲಿಲ್ಲ ಮಗಳೇ. ಏನೂ ಆಗ್ತಿರ್ಲಿಲ್ಲ."

ಹೆಂಡತಿ, "ರೀ," ಎಂದಳು. ತಡವಾಗಿತ್ತು. ತಾತ ರೇಡಿಯೋದ ಗುಂಡಿ ಹುಡುಕಿ ಆರಿಸಿದ.

ಮಗಳು ಅಪ್ಪನನ್ನೇ ನೋಡುತ್ತಿದ್ದಳು. ಸಿಟ್ಟು ಮಾಡಲಿಲ್ಲ. ತಟ್ಟೆ ಬಿಟ್ಟು ಏಳಲೂ ಇಲ್ಲ. ಪಾತ್ರೆಯಲ್ಲಿದ್ದ ಸೌಟನ್ನು ಸರಿಯಾಗಿ ಒರಗಿಸಿಟ್ಟು, ಮೆಲ್ಲಗೆ, ಮರ್ಯಾದೆಯಿಂದ ಕೇಳಿದಳು:

"ನಿಮಗೆ ಇನ್ನೂ ಸ್ವಲ್ಪ ಅನ್ನ ಹಾಕ್ಲಾ?"

ಮಾತು ಕಲಿತಂದಿನಿಂದ ಅವಳು ಅಪ್ಪನನ್ನು ನೀನು ಎಂದೇ ಕರೆದವಳು. ವಾರ್ಡನ್ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು, ಬೇಡ ಎಂದು ತಲೆಯಾಡಿಸಿದ. ಅವಳು, "ನಿಧಾನ ಊಟ ಮಾಡಿ," ಎಂದು, ತಾತನಿಗೆ ಬಡಿಸಲು ಆ ಕಡೆ ತಿರುಗಿದಳು.